ಅಪ್ಪನ ಫೋನಿನಲ್ಲಿದ್ದ ಕಾರುಗಳು

ಮಾನ್ಯ ಸಂಪಾದಕರೇ,

ನಮ್ಮಪ್ಪ ತೀರ್ಕೊಂಡ ಸುದ್ದೀನ ಅವರ ಸ್ನೇಹಿತರಿಗೆಲ್ಲ ತಿಳಿಸ್ಬೇಕು ಅಂತ ಅವರ ಫೋನ್ ತೆಗೆದು ನೋಡಿದ್ರೆ ಅದರಲ್ಲಿ ಮನುಷ್ಯರ ಹೆಸರೇ ಕಮ್ಮಿ. "ಬೀಟಲ್ ಡಾಕ್ಟ್ರು", "ಕ್ಲಚ್ ಪ್ಲೇಟ್ ದಂಪತಿ", "ಫಿಯಟ್ ಮೇಷ್ಟ್ರು", "ಒಂದೇ ಹೆಡ್‌ಲೈಟ್", "ರೇಡಿಯೇಟರ್ ಹುಡುಗ", "ಡೀಸೆಲ್ ಬದಲು ಪೆಟ್ರೋಲ್" ಹೀಗೇ ಕೆಳಗೆ ಹೋಗ್ತಾ ಹೋಗ್ತಾ ಮುಗಿಯೋದೇ ಇಲ್ಲ. ಅಮ್ಮನ ನಂಬರ್ ಒಂದೇ "ಮನೆ" ಅಂತಿತ್ತು, ನನ್ನದು ನಾನು ಕೊಂಡ ಮೊದಲ ಕಾರಿನ ಹೆಸರಲ್ಲಿತ್ತು, ಆ ಕಾರು ಮಾರಿ ಎಷ್ಟೋ ವರ್ಷ ಆಯ್ತು ಆದ್ರೂ ಬದಲಾಯಿಸಿರಲಿಲ್ಲ. ಇವರಲ್ಲಿ ಅರ್ಧ ಜನಕ್ಕೆ ಸುದ್ದಿ ಮುಟ್ಟಿಸಿದೀನಿ, ಇನ್ನರ್ಧ ನಂಬರ್‌ಗಳು ಚಾಲ್ತಿಯಲ್ಲಿಲ್ಲ ಅಥವಾ ಬೇರೆ ಯಾರದೋ ಕೈಗೆ ಹೋಗಿವೆ, ಹೆಸರು ಗೊತ್ತಿಲ್ಲದೆ ಅವರನ್ನ ಎಲ್ಲಿ ಅಂತ ಹುಡುಕೋದು. ಅಪ್ಪ ಬೆಳಗ್ಗೆ ಮೊದಲು ಓದ್ತಿದ್ದದ್ದು ನಿಮ್ಮ ಪತ್ರಿಕೇನೇ, ಅವರ ಜೊತೆಯವರೂ ಓದ್ತಿರಬಹುದು ಅನ್ನೋ ನಂಬಿಕೆ ಮೇಲೆ ಈ ಪತ್ರ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸೋದಾದ್ರೆ ನನ್ನ ದೂರಿನ ಭಾಗ ಕತ್ತರಿಸಿ, ಅಪ್ಪನ ಭಾಗ ಬಿಟ್ಟುಬಿಡಿ.

ಫೋನ್ ಮಾಡೋದೇ ಒಂದು ಪಜೀತಿ ಆಗಿತ್ತು. ಆ ಕಡೆಯವರು ಹಲೋ ಅಂದ ಕೂಡ್ಲೆ ಏನಂತ ಕೇಳೋದು, "ನೀವು ಕ್ಲಚ್ ಪ್ಲೇಟ್ ದಂಪತೀನಾ" ಅಂತ ಕೇಳೋಕಾಗುತ್ತಾ? ಮೊದಮೊದಲು ತಡವರಿಸ್ತಿದ್ದೆ, ಆಮೇಲೆ ನೇರವಾಗಿ "ಸಾರ್ ನಿಮ್ಮ ಕಾರು ಯಾವುದಿತ್ತು" ಅಂತಲೇ ಶುರು ಮಾಡಿದೆ. ಆಶ್ಚರ್ಯ ಅಂದ್ರೆ ಆ ಪ್ರಶ್ನೆ ಕೇಳಿದ ತಕ್ಷಣ ಹೆಚ್ಚುಕಮ್ಮಿ ಎಲ್ಲರಿಗೂ ನಾನು ಯಾರ ಮಗಳು ಅಂತ ಗೊತ್ತಾಗಿಬಿಡ್ತಿತ್ತು. ಒಬ್ಬರು "ಅಯ್ಯೋ, ಯಜಮಾನ್ರಿಗೆ ಏನಾಯ್ತಮ್ಮ" ಅಂದ್ರು, ನಾನಿನ್ನೂ ವಿಷಯಕ್ಕೇ ಬಂದಿರಲಿಲ್ಲ. ಅವರಿಗೂ ಅಪ್ಪನ ಹೆಸರು ಗೊತ್ತಿರಲಿಲ್ಲ ನೋಡಿ, ಅವರ ಫೋನಲ್ಲಿ ಅಪ್ಪ "ಮೋರಿಸ್ ಅಂಕಲ್" ಅಂತ ಇದ್ರಂತೆ.

ಮೋರಿಸ್ ಅಂದ್ರೆ ಮೋರಿಸ್ ಮೈನರ್. ಅಪ್ಪನ ಮೊದಲ ಕಾರು ಅದು, ಸೆಕೆಂಡ್ ಹ್ಯಾಂಡು, 948 ಸಿಸಿ ಎಂಜಿನ್. ಈಗಿನ ಬೈಕುಗಳಿಗೇ ಅದಕ್ಕಿಂತ ದೊಡ್ಡ ಎಂಜಿನ್ ಇರುತ್ತೆ ಅಂತ ಯಾರಾದ್ರೂ ಹಂಗಿಸಿದ್ರೆ ಅಪ್ಪಂಗೆ ಬೇಜಾರೇ ಆಗ್ತಿರಲಿಲ್ಲ, ಹಂಗಿಸಿದವರನ್ನ ಕರೆದು ಬಾನೆಟ್ ಮುಂದೆ ನಿಲ್ಲಿಸ್ತಿದ್ರು. ಆ ಬಾನೆಟ್ ಮಧ್ಯದಲ್ಲಿ ಮುಂದಿನಿಂದ ಹಿಂದಿನ ತನಕ ನಾಲ್ಕು ಇಂಚು ಅಗಲದ ಒಂದು ಚಪ್ಪಟೆ ಪಟ್ಟಿ ಇತ್ತು, ನೋಡಿದವರು ಅದು ಅಲಂಕಾರ ಅಂದ್ಕೋತಾರೆ. ಅಪ್ಪ ಆ ಪಟ್ಟಿ ಮೇಲೆ ಬೆರಳು ಎಳೀತಾ ಹೇಳ್ತಿದ್ರು, ಇದನ್ನ ಡಿಸೈನ್ ಮಾಡಿದ ಅಲೆಕ್ ಇಸಿಗೋನಿಸ್‌ಗೆ ಕಾರು ಹೆಚ್ಚುಕಮ್ಮಿ ತಯಾರಾದ್ಮೇಲೆ ಯಾಕೋ ಇದು ತೀರಾ ಸಣಕಲಾಯ್ತು ಅನ್ನಿಸ್ತು, ಮಾದರಿ ಕಾರನ್ನ ಉದ್ದಕ್ಕೆ ಎರಡು ಹೋಳು ಮಾಡಿಸಿ ಆ ಹೋಳುಗಳನ್ನ ದೂರ ಸರಿಸ್ತಾ ಸರಿಸ್ತಾ ಕಣ್ಣಿಗೆ ಸರಿ ಅನ್ನಿಸಿದ ಕಡೆ ನಿಲ್ಲಿಸಿದ, ಅದೇ ಈ ನಾಲ್ಕು ಇಂಚು, ಅಷ್ಟು ಹೊತ್ತಿಗೆ ಬಂಪರ್‌ಗಳು ಹಳೇ ಅಳತೆಗೆ ತಯಾರಾಗಿ ಕೂತಿದ್ವು, ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿ 1948ರಲ್ಲಿ ಮಾರ್ಕೆಟ್ಟಿಗೆ ಬಿಟ್ರು ಅಂತ. ಬ್ರಿಟನ್ನಿನಲ್ಲಿ ಹತ್ತು ಲಕ್ಷ ದಾಟಿದ ಮೊದಲ ಕಾರು ಅದೇ ಅನ್ನೋದನ್ನ ಕೊನೇಲಿ ಸೇರಿಸೋರು. ಹಂಗಿಸೋಕೆ ಬಂದವರು ಇಷ್ಟು ಹೊತ್ತಿಗೆ ತಾವೂ ಆ ಪಟ್ಟಿ ಮೇಲೆ ಬೆರಳಾಡಿಸ್ತಾ ನಿಂತಿರ್ತಿದ್ರು.

ನಮಗೆ ಮಕ್ಕಳಿಗೆ ಆ ಕಾರಲ್ಲಿ ಇಷ್ಟ ಆಗ್ತಿದ್ದದ್ದು ಎರಡು. ಒಂದು ಅದರ ಕೈ. ಈಗಿನ ಹಾಗೆ ಮಿಣುಕೋ ಇಂಡಿಕೇಟರ್ ಇಲ್ಲ ಅದಕ್ಕೆ, ತಿರುಗೋ ಕಡೆ ಬಾಗಿಲ ಪಕ್ಕದ ಕಂಬದೊಳಗಿಂದ ಒಂದು ಪುಟ್ಟ ಕೈ ಟಕ್ ಅಂತ ಹೊರಗೆ ಚಾಚ್ಕೋತಿತ್ತು. ಇನ್ನೊಂದು ಅದರ ಪೆಟ್ರೋಲ್ ಪಂಪಿನ ಸದ್ದು. ಕೀ ತಿರುಗಿಸಿದ್ರೆ ಎಂಜಿನ್ ಇನ್ನೂ ಸ್ಟಾರ್ಟೇ ಆಗಿರಲ್ಲ, ಆಗಲೇ ಪಂಪು ಟಿಕ್ ಟಿಕ್ ಟಿಕ್ ಅಂತ ಜೋರಾಗಿ ಬಡ್ಕೊಳ್ಳುತ್ತೆ, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರ್ ತುಂಬ್ತಾ ಬಂದ ಹಾಗೆ ಟಿಕ್... ಟಿಕ್... ಅಂತ ನಿಧಾನ ಆಗುತ್ತೆ, ಆಮೇಲೆ ಗಾಳಿ ಕಮ್ಮಿ ಮಾಡೋ ಚೋಕ್ ಎಳೆದು ಸ್ಟಾರ್ಟರ್ ಗುಬ್ಬಿ ಎಳೀಬೇಕು. ಆ ಸದ್ದು ನಿಧಾನ ಆಗೋ ಅಷ್ಟರಲ್ಲಿ ಅಪ್ಪ ಪಕ್ಕದ ಮನೆಯವರನ್ನ ಮಾತಾಡಿಸಿ, ರಸ್ತೇಲಿ ಹೋಗೋರಿಗೆ ಕೈ ಬೀಸಿ, ಎಲ್ಲಿಗೆ ಹೊರಟ್ರಿ ಬನ್ನಿ ಬಿಡ್ತೀನಿ ಅಂತ ಒಬ್ಬರನ್ನ ಹಿಂದಿನ ಸೀಟಿಗೆ ಹತ್ತಿಸ್ಕೊಂಡೂ ಆಗಿರ್ತಿತ್ತು. ಎರಡೇ ಬಾಗಿಲಿನ ಕಾರು ಅದು, ಹಿಂದಕ್ಕೆ ಹತ್ಬೇಕಂದ್ರೆ ಮುಂದೆ ಕೂತ ಅಮ್ಮ ಇಳೀಬೇಕು. ಅಮ್ಮ ಎಷ್ಟು ಸಲ ಇಳಿದು ಹತ್ತಿದಾರೋ ಲೆಕ್ಕ ಇಲ್ಲ.

ಅಪ್ಪಂಗೆ ಕಾರಿನ ಹುಚ್ಚು ಅಂತ ಎಲ್ಲರೂ ಹೇಳ್ತಾರೆ, ನಿಜಾನೇ, ಆದ್ರೆ ನನಗನ್ನಿಸೋದು ಅವರಿಗಿದ್ದದ್ದು ಜನರ ಹುಚ್ಚು, ಕಾರು ಅದಕ್ಕೊಂದು ನೆವ. ಒಬ್ಬರೇ ಕೂತು ಕಾರು ತೊಳೆದದ್ದು, ಒಬ್ಬರೇ ಸುಮ್ನೆ ಒಂದು ಸುತ್ತು ಹೊಡೆದು ಬಂದದ್ದು ನಾನು ಕಂಡಿಲ್ಲ. ಗ್ಯಾರೇಜಲ್ಲಿ ಕಾರು ಬಿಟ್ಟು ಸಂಜೆ ಬನ್ನಿ ಅಂದ್ರೆ ಅಪ್ಪ ಸಂಜೇವರೆಗೂ ಅಲ್ಲೇ. ಮೆಕ್ಯಾನಿಕ್ ಕಾರಿನ ಕೆಳಗೆ ಮಲಗಿದ್ರೆ ಇವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದು ಅವನ ಮಕ್ಕಳ ಓದಿನ ವಿಚಾರ ಮಾತಾಡೋರು. ಸ್ಪಾನರ್ ಕೇಳೋಕೆ ಮುಂಚೆ ಕೈಗೆ ಕೊಡ್ತಿದ್ರು, ಅದೊಂದು ಕಾರಣಕ್ಕೆ ಮೆಕ್ಯಾನಿಕ್‌ಗಳು ಇವರ ಮಾತನ್ನ ಸಹಿಸ್ಕೊಂಡ್ರು ಅಂತ ಅಮ್ಮ ಈಗಲೂ ಹೇಳ್ತಾರೆ.

ಕಾರಿನ ಇತಿಹಾಸ ಎಲ್ಲ ಅವರ ಬಾಯಲ್ಲಿ ಪಕ್ಕದ ಮನೆ ಸುದ್ದಿ ಥರ ಬರ್ತಿತ್ತು. ಕಾರ್ಲ್ ಬೆಂಜ್ 1886ರಲ್ಲಿ ಮೂರು ಚಕ್ರದ ಗಾಡಿಗೆ ಪೇಟೆಂಟ್ ತಗೊಂಡ ಅನ್ನೋದು ಪರೀಕ್ಷೆಗೆ ಓದೋ ವಿಷಯ, ಅದನ್ನ ಅಪ್ಪ ಅರ್ಧ ವಾಕ್ಯದಲ್ಲಿ ಮುಗಿಸಿ ನೇರ ಅವನ ಹೆಂಡತಿ ಬರ್ತಾಗೆ ಹೋಗೋರು. ಗಂಡ ಗಾಡಿ ಮಾಡಿಟ್ಟ, ಕೊಳ್ಳೋರಿಲ್ಲ, ಆಯಮ್ಮ 1888ರ ಆಗಸ್ಟಲ್ಲಿ ಒಂದು ದಿನ ಗಂಡಂಗೆ ಹೇಳದೆ ಕೇಳದೆ ಇಬ್ಬರು ಗಂಡು ಮಕ್ಕಳನ್ನ ಹತ್ತಿಸ್ಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಲು, ಹತ್ತಿರಹತ್ತಿರ ನೂರು ಕಿಲೋಮೀಟರ್, ಅಲ್ಲಿದ್ದದ್ದು ಯಾರು ಹೇಳಿ? ಅವಳ ತಾಯಿ! "ಲೋಕದ ಮೊದಲ ಲಾಂಗ್ ಡ್ರೈವ್ ತವರುಮನೆಗೆ ಕಣ್ರೀ" ಅಂತ ಅಪ್ಪ ಹೇಳಿದಾಗ ಎದುರಿಗೆ ಹೆಂಗಸರಿದ್ರೆ ಸಾಕು ಅಲ್ಲಿಂದಾಚೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲದವರೂ ಕಿವಿಗೊಡ್ತಿದ್ರು. ದಾರೀಲಿ ಇಂಧನದ ನಳಿಗೆ ಕಟ್ಕೊಂಡ್ರೆ ಟೋಪಿಗೆ ಸಿಕ್ಕಿಸಿದ್ದ ಪಿನ್ನಲ್ಲಿ ಚುಚ್ಚಿ ಬಿಡಿಸಿದ್ಲು, ಬ್ರೇಕಿನ ಕಟ್ಟಿಗೆ ಸವೆದಾಗ ಅದಕ್ಕೆ ಚರ್ಮ ಹೊಡೆಸಿದ್ಲು, ಇಂಧನ ಖಾಲಿ ಆದಾಗ ವೀಸ್‌ಲೋಖ್ ಅನ್ನೋ ಊರಲ್ಲಿ ಔಷಧಿ ಅಂಗಡಿಗೆ ಹೋಗಿ ಕಲೆ ತೆಗೆಯೋ ದ್ರಾವಣ ತಂದು ಹುಯ್ದ್ಲು. ಇದನ್ನ ಹೇಳಿ ಮುಗಿಸಿ ಅಪ್ಪ ನನ್ನ ಕಡೆ ನೋಡೋರು, ನನಗೆ ಪಂಕ್ಚರ್ ಹಾಕೋದು ಕಲಿಸೋಕೆ ಇದು ಪೀಠಿಕೆ ಅಂತ ನನಗಾಗಲೇ ಗೊತ್ತಿರ್ತಿತ್ತು.

ಕಲಿಸೋ ವಿಷಯಕ್ಕೆ ಬಂದ್ರೆ ಅಪ್ಪ ಭಾಳ ಖಡಕ್ಕು. ಕಾರಿನ ಮುಂದಿನಿಂದ ತೂರಿಸಿ ಎಂಜಿನ್ ಕೈಯಲ್ಲೇ ತಿರುಗಿಸೋ ಸ್ಟಾರ್ಟಿಂಗ್ ಹ್ಯಾಂಡಲ್ ಹಿಡಿದಾಗ ಹೆಬ್ಬೆರಳನ್ನ ಹಿಡಿಕೆ ಸುತ್ತ ಸುತ್ತಬಾರ್ದು, ಮಿಕ್ಕ ನಾಲ್ಕು ಬೆರಳಿನ ಪಕ್ಕದಲ್ಲೇ ಇರಬೇಕು, ಮೇಲಿಂದ ಕೆಳಕ್ಕೆ ಒತ್ತಬಾರ್ದು, ಕೆಳಗಿಂದ ಮೇಲಕ್ಕೆ ಎಳೀಬೇಕು, ಯಾಕಂದ್ರೆ ಎಂಜಿನ್ ಹಿಮ್ಮುಖ ಒದ್ದರೆ ಹ್ಯಾಂಡಲ್ ಕೈಯಿಂದ ಬಿಡಿಸ್ಕೊಂಡು ಹೋಗ್ಬೇಕೇ ವಿನಾ ಮಣಿಕಟ್ಟನ್ನ ಕರ್ಕೊಂಡು ಹೋಗ್ಬಾರ್ದು. ಈ ಒದೆತದಿಂದ ಎಷ್ಟು ಜನರ ಕೈ ಮುರಿದು 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು ಅನ್ನೋದು ಪಾಠದ ಎರಡನೇ ಭಾಗ. ಮೂರನೇ ಭಾಗ ಪ್ಲಗ್ ಓದೋದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಳೀ ಬಟ್ಟೆ ಮೇಲೆ ಸಾಲಾಗಿ ಇಟ್ಟು, ಯಾವುದು ಯಾವ ಸಿಲಿಂಡರಿಂದು ಅಂತ ಕಲಸಬಾರ್ದು, ಒಂದೊಂದನ್ನೇ ಬೆಳಕಿಗೆ ಹಿಡಿಯೋದು. ತಿಳಿ ಕಂದು ಬಣ್ಣ ಇದ್ರೆ ಎಂಜಿನ್ ಆರೋಗ್ಯವಾಗಿದೆ, ಒಣ ಕರೀ ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಕುಡೀತಿದೆ, ಬೆಳ್ಳಗಾಗಿದ್ರೆ ಗಾಳಿ ಜಾಸ್ತಿ ಅಥವಾ ಕಾಯ್ತಿದೆ, ಎಣ್ಣೆ ಜಿಡ್ಡು ಒದ್ದೆಯಾಗಿದ್ರೆ ಪಿಸ್ಟನ್ ರಿಂಗ್ ಸವೆದಿದೆ ದುಡ್ಡು ರೆಡಿ ಮಾಡ್ಕೊ. ಯಾರದೇ ಕಾರಿನ ಪ್ಲಗ್ ಬಿಚ್ಚಿದ್ರೂ ಆ ಕಾರಿನ ಯಜಮಾನ ಹೆಂಗೆ ಓಡಿಸ್ತಾನೆ ಅಂತ ಹೇಳಿಬಿಡ್ತಿದ್ರು, ಚೋಕ್ ಎಳೆದು ಮರೀತೀರಿ ಅಲ್ವಾ ಅಂತ ಅಪರಿಚಿತರನ್ನ ಕೇಳಿ ಅವರು ನಾಚಿಕೊಂಡದ್ದನ್ನ ನಾನೇ ನೋಡಿದೀನಿ. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತೋ ಸರದಿ, ಒಂದು ಮೂರು ನಾಲ್ಕು ಎರಡು ಅನ್ನೋದನ್ನಂತೂ ನಮಗೆ ಮಗ್ಗಿ ಜೊತೆಗೇ ಬಾಯಿಪಾಠ ಮಾಡಿಸಿದ್ರು, ಶಾಲೇಲಿ ಒಂದು ಎರಡು ಮೂರು ನಾಲ್ಕು ಅಂತ ಎಣಿಸೋವಾಗ ತಂಗಿ ಒಂದು ಮೂರು ಅಂತ ಶುರು ಮಾಡಿ ಬೈಸ್ಕೊಂಡದ್ದೂ ಉಂಟು.

ಅವರ ವಿಸಿಟಿಂಗ್ ಕಾರ್ಡಿನ ವಿಚಾರ ಹೇಳ್ಲೇಬೇಕು. ಹಳೇ ಕಾರುಗಳಲ್ಲಿ ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೆ ಕಾಂಟ್ಯಾಕ್ಟ್ ಪಾಯಿಂಟ್ ಅಂತ ಇರುತ್ತೆ, ಅವೆರಡರ ನಡುವಿನ ಸಂದು 0.4 ಮಿಲಿಮೀಟರ್ ಹತ್ತಿರ ಇರಬೇಕು, ಅದು ಹೆಚ್ಚುಕಮ್ಮಿ ಆದ್ರೆ ಕಿಡಿ ಸರಿಯಾಗಿ ಬರಲ್ಲ, ಗಾಡಿ ಕೆಮ್ಮುತ್ತೆ, ಏರಲ್ಲಿ ನಿಂತೇ ಹೋಗುತ್ತೆ. ಅಳೆಯೋಕೆ ಫೀಲರ್ ಗೇಜ್ ಅಂತ ತೆಳು ಉಕ್ಕಿನ ಪಟ್ಟಿಗಳು ಬರ್ತವೆ, ರಸ್ತೆ ಮಧ್ಯೆ ಅದು ಸಿಗಲ್ಲ, ದಪ್ಪ ವಿಸಿಟಿಂಗ್ ಕಾರ್ಡ್ ಒಂದನ್ನ ಆ ಸಂದಿನಲ್ಲಿ ತೂರಿಸಿ, ಕಾರ್ಡು ಸ್ವಲ್ಪ ಬಿಗಿಯಾಗಿ ಜಾರೋ ಹಾಗೆ ಸ್ಕ್ರೂ ಬಿಗಿ ಮಾಡಿದ್ರೆ ಮನೆ ತಲುಪೋಕೆ ಅಡ್ಡಿಯಿಲ್ಲ. ಇದು ಗೊತ್ತಿರೋರು ಬೇಕಾದಷ್ಟು ಜನ ಇದಾರೆ. ಅಪ್ಪನ ವಿಶೇಷ ಏನಂದ್ರೆ ಡ್ಯಾಶ್‌ಬೋರ್ಡ್ ಗೂಡಿನಲ್ಲಿ ಸಿಕ್ಕವರ ಕಾರ್ಡೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಕೋತಿದ್ರು, ಯಾರ ಕಾರ್ಡು ಪಾಯಿಂಟಿಗೆ ಸರಿಯಾದ ದಪ್ಪ ಅಂತ ಅವರಿಗೆ ಗೊತ್ತಿತ್ತು, ಕೆಲಸ ಆದ್ಮೇಲೆ ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಿ "ಸಾರ್ ಇವತ್ತು ನಿಮ್ಮಿಂದ ನನ್ನ ಕಾರು ಸ್ಟಾರ್ಟ್ ಆಯ್ತು" ಅಂತ ಹೇಳೋರು. ಒಬ್ಬ ವಿಮೆ ಏಜೆಂಟು, ಅಪ್ಪ ಅವರ ಹತ್ತಿರ ಒಂದು ಪಾಲಿಸೀನೂ ಮಾಡಿಸಿಲ್ಲ, ಕಾರ್ಡ್ ಕೊಟ್ಟು ವರ್ಷಗಳಾದ ಮೇಲೆ ಇಂಥ ಫೋನ್ ಬಂದದ್ದಕ್ಕೆ ಖುಷಿಪಟ್ಟು ಮನೆಗೇ ಬಂದುಬಿಟ್ರು. ಎಣ್ಣೆ ಮೆತ್ತಿದ ಆ ಕಾರ್ಡನ್ನ ತೋರಿಸಿದ್ಮೇಲೆ ಹೊಸದು ಎರಡು ಕೊಟ್ಟು ಹೋದ್ರು.

ಈ "ಡೀಸೆಲ್ ಬದಲು ಪೆಟ್ರೋಲ್" ಯಾರು ಅಂತ ನಿಮಗೂ ಕುತೂಹಲ ಇರಬಹುದು. ಪೆಟ್ರೋಲ್ ಬಂಕಲ್ಲಿ ಅಪ್ಪ ಸಾಲಲ್ಲಿ ನಿಂತಿದ್ರು, ಮುಂದಿದ್ದ ಹೊಸ ಡೀಸೆಲ್ ಗಾಡಿಗೆ ಪೆಟ್ರೋಲ್ ಪೈಪ್ ಹಾಕಿದಾರೆ, ಓಡಿಸ್ತಿದ್ದ ಯುವಕ ಫೋನಲ್ಲಿದಾನೆ, ಹಾಕ್ತಿದ್ದವರಿಗೂ ಗಮನ ಇಲ್ಲ. ಅಪ್ಪ ಗಾಡಿ ಬಿಟ್ಟು ಓಡಿಹೋಗಿ ಕಿಟಕಿಯೊಳಗೆ ಕೈ ಹಾಕಿ ಅವನ ಮಣಿಕಟ್ಟು ಹಿಡ್ಕೊಂಡುಬಿಟ್ರಂತೆ, ಕೀ ತಿರುಗಿಸ್ಬೇಡ ಅಂತ. ಅವನು ಕಳ್ಳ ಅಂದ್ಕೊಂಡು ಕೂಗಿಕೊಂಡ. ಡೀಸೆಲ್ ಅನ್ನೋದು ಇಂಧನ ಮಾತ್ರ ಅಲ್ಲ, ಒಳಗಿನ ಪಂಪಿಗೆ ಅದೇ ಜಾರಿಸೋ ಎಣ್ಣೆ, ಪೆಟ್ರೋಲ್ ಹೋದ್ರೆ ಲೋಹಕ್ಕೆ ಲೋಹ ಉಜ್ಜಿ ಪುಡಿ ಏಳುತ್ತೆ, ಆ ಪುಡಿ ಇಂಜೆಕ್ಟರ್‌ವರೆಗೂ ಹೋಗಿ ಕೂತ್ರೆ ಖರ್ಚು ಮುಗಿಯಲ್ಲ, ಆದ್ರೆ ಸ್ಟಾರ್ಟ್ ಮಾಡದೆ ಇದ್ರೆ ಟ್ಯಾಂಕ್ ಬಸಿದು ತೊಳೆದ್ರೆ ಮುಗೀತು. ಇದನ್ನೆಲ್ಲ ಮಣಿಕಟ್ಟು ಹಿಡ್ಕೊಂಡೇ ವಿವರಿಸಿದಾರೆ. ನಾನು ಫೋನ್ ಮಾಡಿದಾಗ ಆ ಹುಡುಗ, ಈಗ ಇಬ್ಬರು ಮಕ್ಕಳ ತಂದೆ, ಆಚೆ ಕಡೆ ಅಳೋಕೇ ಶುರು ಮಾಡಿದ. ಸಮಾಧಾನ ನಾನೇ ಮಾಡ್ಬೇಕಾಯ್ತು.

ಇದೆಲ್ಲ ಓದಿ ಎಂಥ ದೊಡ್ಡ ಮನುಷ್ಯ ಅಂದ್ಕೋಬೇಡಿ, ಮನೆಯವರಿಗೆ ಇದರಿಂದ ಸಾಕುಸಾಕಾಗಿತ್ತು. ರಸ್ತೆ ಪಕ್ಕ ಯಾವುದೇ ಕಾರಿನ ಬಾನೆಟ್ ಎದ್ದಿದ್ರೆ ಅಪ್ಪನ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗ್ತಿತ್ತು. ಮದುವೆಗೆ ಹೊರಟ್ರೆ ಮುಗಿದ ಮೇಲೆ ತಲುಪೋದು, ಪರೀಕ್ಷೆ ದಿನ ಅಪ್ಪ ಬಿಡ್ತೀನಿ ಅಂದ್ರೆ ನಾನು ಬೇಡ ಬಸ್ಸಲ್ಲೇ ಹೋಗ್ತೀನಿ ಅಂತಿದ್ದೆ. ಬಿಸಿಲಲ್ಲಿ ನಾವು ಕಾರೊಳಗೆ ಬೇಯ್ತಾ ಕೂತಿರೋದು, ಅಪ್ಪ ಇಪ್ಪತ್ತು ಹೆಜ್ಜೆ ಆಚೆ ಯಾರದೋ ಫ್ಯಾನ್ ಬೆಲ್ಟ್ ಕಟ್ಟೋದು, ಕಟ್ಟಿ ಆದ್ಮೇಲೂ ನಿಂತು ಮಾತು. ನಮ್ಮ ಹತ್ತಿರ ಮಾತಾಡೋವಾಗ ಅವರಿಗೆ ಅಷ್ಟು ಮಾತು ಬರ್ತಿರಲಿಲ್ಲ ಅನ್ನೋದೂ ನಿಜ. ಓದಿನ ಬಗ್ಗೆ, ಮದುವೆ ಬಗ್ಗೆ ನನ್ನ ಜೊತೆ ಏನಾದ್ರೂ ಗಂಭೀರವಾದ್ದು ಹೇಳ್ಬೇಕಿದ್ರೆ "ಬಾ ಟಯರ್‌ಗೆ ಗಾಳಿ ಹಾಕಿಸ್ಕೊಂಡು ಬರೋಣ" ಅನ್ನೋರು, ಇಬ್ಬರೂ ಮುಂದೆ ರಸ್ತೆ ನೋಡ್ತಾ ಕೂತ್ರೆ ಮಾತ್ರ ಅವರ ಬಾಯಿ ತೆರೀತಿತ್ತು. ಎದುರುಬದುರು ಕೂರಿಸಿದ್ರೆ ಆಗ್ತಿರಲಿಲ್ಲ. ತಂಗಿಗೆ ಇದರ ಬಗ್ಗೆ ಇವತ್ತಿಗೂ ಸಿಟ್ಟಿದೆ, ಊರವರಿಗೆ ಕೊಟ್ಟ ಟೈಮಲ್ಲಿ ಕಾಲು ಭಾಗ ನಮಗೆ ಕೊಟ್ಟಿದ್ರೆ ಅಂತಾಳೆ, ಅವಳ ಮಾತಲ್ಲಿ ತಪ್ಪಿಲ್ಲ.

ಇನ್ನೊಂದು, ಅಪ್ಪ ಹಳೇದೇ ಚಿನ್ನ ಅನ್ನೋ ಪೈಕಿ ಅಲ್ಲ. ಹಳೇ ಕಾರಿನ ಕೂಟಗಳಲ್ಲಿ ಯಾರಾದ್ರೂ ಆಗಿನ ಗಟ್ಟಿ ತಗಡು ಈಗೆಲ್ಲಿ ಅಂತ ಶುರು ಮಾಡಿದ್ರೆ ಅಪ್ಪಂಗೆ ರೇಗ್ತಿತ್ತು. ತಗಡು ಗಟ್ಟಿ, ಅದಕ್ಕೇ ಪೆಟ್ಟೆಲ್ಲ ಒಳಗಿದ್ದವರಿಗೆ, ಸ್ಟೀರಿಂಗ್ ಕಂಬ ನೇರ ಎದೆಗೆ, ಈಗಿನ ಕಾರು ಮುಂದೆ ನುಜ್ಜಾಗೋದೇ ನಿಮ್ಮನ್ನ ಉಳಿಸೋಕೆ ಅಂತ ಜಗಳಕ್ಕೇ ನಿಲ್ಲೋರು. ತಮ್ಮ ಮೋರಿಸ್‌ಗೆ ತಾವೇ ನಿಂತು ಮೂರು ಕಡೆ ಹಿಡಿಯೋ ಸೀಟ್ ಬೆಲ್ಟ್ ಹಾಕಿಸಿದ್ರು, ಕಾರಿನ ಚೆಂದ ಕೆಡ್ತು ಅಂದವರಿಗೆ ನಿಲ್ಸ್ ಬೋಲಿನ್ ಕಥೆ. ಆತ ಮೊದಲು ಸಾಬ್ ಕಂಪನೀಲಿ ಯುದ್ಧವಿಮಾನದಿಂದ ಪೈಲಟ್ ಹೊರಗೆ ಹಾರೋ ಸೀಟು ಮಾಡ್ತಿದ್ದೋನು, 1959ರಲ್ಲಿ ವೋಲ್ವೋಗೆ ಈ ಬೆಲ್ಟ್ ಮಾಡಿಕೊಟ್ಟ, ವೋಲ್ವೋದವರು ಆ ಪೇಟೆಂಟನ್ನ ಯಾರು ಬೇಕಾದ್ರೂ ಬಳಸ್ಕೊಳ್ಳಿ ಅಂತ ಬಿಟ್ಟುಕೊಟ್ರು. ಕಾರಿನ ಚರಿತ್ರೇಲಿ ಅಪ್ಪಂಗೆ ಎಲ್ಲಕ್ಕಿಂತ ಇಷ್ಟವಾದ ಘಟನೆ ಇದೇ, ರೇಸು ಗೆದ್ದದ್ದಲ್ಲ, ಸ್ಪೀಡ್ ರೆಕಾರ್ಡಲ್ಲ. ಸೀಸ ಬೆರೆಸಿದ ಪೆಟ್ರೋಲು 2021ರಲ್ಲಿ ಅಲ್ಜೀರಿಯಾದಲ್ಲೂ ನಿಂತು ಇಡೀ ಲೋಕದಲ್ಲಿ ಕಾರುಗಳಿಗೆ ಅದರ ಮಾರಾಟ ಮುಗೀತು ಅಂತ ಪೇಪರಲ್ಲಿ ಓದಿದ ದಿನ, ಆ ಸೀಸ ತಮ್ಮ ಹಳೇ ಎಂಜಿನ್ನಿನ ವಾಲ್ವ್‌ಗಳಿಗೆ ಎಷ್ಟು ಒಳ್ಳೇದು ಮಾಡ್ತಿತ್ತು ಅಂತ ಗೊತ್ತಿದ್ದೂ, "ಪೀಡೆ ತೊಲಗ್ತು, ಮಕ್ಕಳ ರಕ್ತಕ್ಕೆ ಸೇರ್ತಿತ್ತದು" ಅಂತ ಬೀಟಲ್ ಡಾಕ್ಟ್ರಿಗೆ ಫೋನ್ ಮಾಡಿ ಹೇಳಿದ್ರು.

ಎಲೆಕ್ಟ್ರಿಕ್ ಕಾರು ಬಂದಾಗ ಅಪ್ಪ ಮುಖ ಗಂಟಿಕ್ತಾರೆ ಅಂತ ನಾವು ಕಾಯ್ತಿದ್ವಿ. ಎದುರು ಮನೆ ಹುಡುಗಿ ಹೊಸ ಎಲೆಕ್ಟ್ರಿಕ್ ಕಾರು ತಂದ ದಿನ ಅಪ್ಪ ಬನಿಯನ್ನಲ್ಲೇ ಹೋಗಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನೋಡಮ್ಮ, ನಿನ್ನ ಕಾರು ನನ್ನ ಕಾರಿಗಿಂತ ಹಿರಿ ತಲೆ, 1899ರಲ್ಲೇ ಕಮೀಲ್ ಜೆನಾಟ್ಜಿ ಅನ್ನೋ ಬೆಲ್ಜಿಯಂನವನು ಬ್ಯಾಟರಿ ಕಾರಲ್ಲಿ ಗಂಟೆಗೆ 105 ಕಿಲೋಮೀಟರ್ ಓಡಿಸಿದ್ದ, ಭೂಮಿ ಮೇಲೆ ನೂರು ದಾಟಿದ ಮೊದಲ ಕಾರೇ ಎಲೆಕ್ಟ್ರಿಕ್ಕು" ಅಂದ್ರು. ಬಾನೆಟ್ ತೆಗಿ ನೋಡೋಣ ಅಂದ್ರು, ಅವಳು ತೆಗೆದ್ಲು, ಒಳಗೆ ಪ್ಲಾಸ್ಟಿಕ್ ಮುಚ್ಚಳ, ಒಂದೆರಡು ಕಿತ್ತಳೆ ಬಣ್ಣದ ಕೇಬಲ್, ಗ್ಲಾಸ್ ತೊಳೆಯೋ ನೀರಿನ ಡಬ್ಬ. ಅಪ್ಪ ಕೈ ಬೆನ್ನಿಗೆ ಕಟ್ಕೊಂಡು ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿದೆ, ಆದ್ರೆ ಇದು ರಸ್ತೇಲಿ ನಿಂತ್ರೆ ನಾನು ನಿನಗೆ ಏನು ಮಾಡಿಕೊಡ್ಲಿ" ಅಂತ ಕೇಳಿದ್ರು. ಅವಳು ನಕ್ಕು, ಜೊತೆಗೆ ನಿಂತ್ಕೊಳ್ಳಿ ಅಂಕಲ್ ಸಾಕು ಅಂದ್ಲು. ಆಮೇಲೆ ಅವಳ ಕಾರಿನ ಚಾರ್ಜಿಂಗ್ ಕೇಬಲ್ಲು, ಎಷ್ಟು ಪರ್ಸೆಂಟಿಗೆ ಎಷ್ಟು ಹೊತ್ತು ಅನ್ನೋ ಲೆಕ್ಕ ಎಲ್ಲ ಅಪ್ಪನ ನೋಟ್‌ಬುಕ್ಕಲ್ಲಿ ಸೇರ್ಕೊಂಡ್ವು.

ಟಯರಿನ ವಿಷಯ ನಿಮ್ಮ ಓದುಗರಿಗೂ ಉಪಯೋಗಕ್ಕೆ ಬರಬಹುದು ಅಂತ ಬರೀತೀನಿ. ಪ್ರತಿ ಟಯರಿನ ಪಕ್ಕದಲ್ಲಿ ಒಂದು ಮೊಟ್ಟೆ ಆಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ, 2318 ಅಂದ್ರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ಪಟ್ಟೆ ಎಷ್ಟೇ ಉಳಿದಿದ್ರೂ ವಯಸ್ಸಾದ ರಬ್ಬರ್ ಒಳಗೊಳಗೇ ಗಡುಸಾಗಿ ಬಿರುಕು ಬಿಡುತ್ತೆ. ಅಪ್ಪಂಗೆ ನಿಂತ ಕಾರಿನ ಟಯರ್ ಕಂಡ್ರೆ ಬಗ್ಗಿ ಈ ಅಂಕಿ ಓದೋದು ಚಟ, ಓದಿ ಸುಮ್ನಿರಲ್ಲ, ಕಿಟಕಿ ತಟ್ಟಿ ಹೇಳೋದು. ಕೆಲವರು ಬೈದು ಕಳಿಸಿದಾರೆ, ಟಯರ್ ಕಂಪನಿ ಏಜೆಂಟಾ ನೀನು ಅಂತ. ಹೆಚ್ಚಿನವರು ಕೆಳಗಿಳಿದು ತಾವೂ ಬಗ್ಗಿ ನೋಡಿದಾರೆ. ಒಬ್ಬರು ಬಗ್ಗಿದವರು ಏಳೋಕಾಗದೆ ಸೊಂಟ ಹಿಡ್ಕೊಂಡು, ಅಪ್ಪನೇ ಅವರನ್ನ ಮನೆಗೆ ಬಿಟ್ಟು ಬಂದ್ರು, ಫೋನಲ್ಲಿ ಅವರು "ಸೊಂಟ 4 ಟಯರ್" ಅಂತಿದಾರೆ.

ಡ್ರೈವಿಂಗ್ ಬಿಟ್ಟದ್ದು ಅವರಾಗೇ. ರಾತ್ರಿ ಎದುರು ಬರೋ ಲೈಟಿನ ಸುತ್ತ ಬಳೆ ಕಾಣ್ಸುತ್ತೆ ಅಂದ್ರು, ಆಪರೇಷನ್ ಆಯ್ತು, ಕಣ್ಣು ಸುಧಾರಿಸ್ತು, ಆದ್ರೂ ಒಂದು ದಿನ ಮನೆ ಹತ್ತಿರದ ತಿರುವಲ್ಲಿ ಸೈಕಲ್ ಹುಡುಗ ತಡವಾಗಿ ಕಾಣಿಸಿದ, ಏನೂ ಆಗಲಿಲ್ಲ, ಮನೆಗೆ ಬಂದು ಕೀ ತಂದು ಅಮ್ಮನ ಕೈಗೆ ಕೊಟ್ರು. ಬೇರೆ ಮನೆಗಳಲ್ಲಿ ವಯಸ್ಸಾದವರ ಹತ್ತಿರ ಕೀ ಇಸ್ಕೊಳ್ಳೋಕೆ ನಡೆಯೋ ಜಗಳ ಕೇಳಿದೀನಿ, ನಮಗೆ ಆ ಕಷ್ಟ ಬರಲಿಲ್ಲ. ಬಂದ ಕಷ್ಟ ಬೇರೆ, ಪಕ್ಕದ ಸೀಟಲ್ಲಿ ಕೂತು ಇಲ್ಲದ ಬ್ರೇಕನ್ನ ತುಳೀತಾ, ನಾನು ಗೇರ್ ಬದಲಾಯಿಸೋಕೆ ಅರ್ಧ ಕ್ಷಣ ಮುಂಚೆ ಎಡಗೈ ಅಲ್ಲಾಡಿಸ್ತಾ ಬರೋರು. ಮೊದಲ ವಾರ ಬಾಗಿಲ ಹತ್ತಿರ ಹೋಗಿ ಹೋಗಿ ಬರ್ತಿದ್ರು, ಅಷ್ಟರಲ್ಲಿ ಸುದ್ದಿ ಹಬ್ಬಿತು ಅನ್ಸುತ್ತೆ, ಭಾನುವಾರ ಫಿಯಟ್ ಮೇಷ್ಟ್ರು ಬಂದು ಹಾರ್ನ್ ಮಾಡಿದ್ರು, ಮುಂದಿನ ವಾರ ಕ್ಲಚ್ ಪ್ಲೇಟ್ ದಂಪತಿ. ಆಮೇಲಾಮೇಲೆ ಅಪ್ಪನ ಭಾನುವಾರ ನಮಗೆ ಸಿಗ್ತಾನೇ ಇರಲಿಲ್ಲ.

ಈಗ ನನ್ನ ದೂರು. ನಿಮ್ಮ ಪತ್ರಿಕೆಯ ವಾಹನ ಪುಟ ಅಪ್ಪ ತಪ್ಪದೆ ಓದ್ತಿದ್ರು, ಓದಿ ಗೊಣಗ್ತಿದ್ರು. ಸ್ಕ್ರೀನ್ ಎಷ್ಟು ಇಂಚು, ಸನ್‌ರೂಫ್ ಇದೆಯಾ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಬಣ್ಣ ಎಷ್ಟು ಬಗೆ, ಇಷ್ಟೇ ಬರುತ್ತೆ, ಕಂಪನಿಯವರು ಕಳಿಸಿದ್ದನ್ನೇ ಅಚ್ಚು ಹಾಕಿದ ಹಾಗಿರುತ್ತೆ ಅಂತ ಬರೆಯೋಕೆ ನನಗೆ ಸಂಕೋಚ ಆದ್ರೂ ಅಪ್ಪ ಹೇಳಿದ್ದು ಹಾಗೇ. ಕಾರು ಇಟ್ಕೊಂಡ ಜನ ಆ ಪುಟದಲ್ಲಿ ಕಾಣಿಸೋದೇ ಇಲ್ಲ. ಒಂದೇ ಗಾಡೀನ ಜೀವಮಾನ ಓಡಿಸಿದವರು, ಕಾರ್ಬುರೇಟರ್ ಟ್ಯೂನ್ ಮಾಡೋದನ್ನ ಕಿವಿಯಲ್ಲೇ ಕಲಿತ ಮೆಕ್ಯಾನಿಕ್‌ಗಳು, ಈಗ ಸ್ಕ್ಯಾನರ್ ಚುಚ್ಚಿ ತಪ್ಪಿನ ಕೋಡ್ ಓದೋದನ್ನ ಅರವತ್ತರ ವಯಸ್ಸಲ್ಲಿ ಕಲೀತಿರೋರು, ಇವರನ್ನ ಮಾತಾಡಿಸಿ. ಮೂಲೇಲಿ ನಾಲ್ಕು ಸಾಲು ಟಯರ್ ಅಂಕಿ ಓದೋದು ಹೇಗೆ, ತಪ್ಪು ಇಂಧನ ಹಾಕಿಸಿದ್ರೆ ಏನು ಮಾಡ್ಬೇಕು ಅಂತ ಹಾಕಿ. ಅಪ್ಪ ಇದನ್ನೆಲ್ಲ ನಿಮಗೆ ಬರೀತೀನಿ ಅಂತ ಹೇಳ್ತಾನೇ ಇದ್ರು, ಬರೆಯೋಕೆ ಕೂತ್ರೆ ಯಾರಾದ್ರೂ ಬಂದುಬಿಡೋರು.

ಫೋನಿನ ಪಟ್ಟಿಯಲ್ಲಿ ಇನ್ನೂ ಸುದ್ದಿ ಮುಟ್ಟದವರಲ್ಲಿ ಕೆಲವರು "ಒಂದೇ ಹೆಡ್‌ಲೈಟ್", "ಸೈಲೆನ್ಸರ್ ತಂತಿ", "ಹಸಿರು ಜೀಪ್ ಅಣ್ಣತಮ್ಮ", "ರಿವರ್ಸ್ ಮೇಡಂ" ಮತ್ತೆ "ಮಳೆ, ವೈಪರ್ ಇಲ್ಲ". ನಿಮ್ಮ ಕಾರಿಗೆ ಯಾವತ್ತೋ ಇಂಥದ್ದು ಆಗಿ, ದಪ್ಪ ಕನ್ನಡಕದ ಒಬ್ಬರು ಬಂದು ಸರಿ ಮಾಡಿ, ಹೊರಡೋಕೆ ಬಿಡದೆ ಮಾತಾಡಿದ್ರೆ ಅವರು ನಮ್ಮಪ್ಪ. ಹೋದ ತಿಂಗಳು ತೀರ್ಕೊಂಡ್ರು, ನಿದ್ದೇಲಿ, ಕಷ್ಟ ಪಡಲಿಲ್ಲ.

ಮೋರಿಸನ್ನ ತಂಗಿ ಇಟ್ಕೋತಾಳಂತೆ, ಸಿಟ್ಟಿನವಳೇ ಕೇಳಿದ್ದು, ನಾವ್ಯಾರೂ ಯಾಕೆ ಅಂತ ಕೇಳಲಿಲ್ಲ. ಆದ್ರೆ ಅಪ್ಪ ಎಲ್ಲಾ ಸ್ಪಾನರನ್ನೂ ಎರಡೆರಡು ಇಟ್ಕೊಂಡಿದ್ರು, ಒಂದು ತಮಗೆ, ಒಂದು ರಸ್ತೇಲಿ ಕೇಳಿದವರಿಗೆ ಕೊಡೋಕೆ. ಆ ಎರಡನೇ ಸೆಟ್ಟು ನನ್ನ ಹತ್ತಿರ ಇದೆ. ಎಲ್ಲ ಇಂಚಿನ ಅಳತೆಯವು, 7/16, 1/2, 9/16, ಹಳೇ ಬ್ರಿಟಿಷ್ ಗಾಡಿ ಇರೋರಿಗೆ ಗೊತ್ತು, ಅರ್ಧ ಇಂಚಿನ ನಟ್ಟಿಗೆ 13 ಎಂಎಂ ಸ್ಪಾನರ್ ಹಾಕಿದ್ರೆ ಕೂತ ಹಾಗೇ ಕಾಣುತ್ತೆ, ಬಲ ಹಾಕಿದ್ರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತೆ. ಜೊತೆಗೆ ಫೀಲರ್ ಗೇಜ್ ಒಂದು, ಗ್ರೀಸ್ ಗನ್ ಒಂದು, ಅದರ ವಾಷರ್ ಬದಲಾಯಿಸ್ಬೇಕು. ಬೇಕಾದವರು ಪತ್ರಿಕೆ ಮೂಲಕ ತಿಳಿಸಿದ್ರೆ ಕೊಡ್ತೀನಿ, ದುಡ್ಡು ಬೇಡ. ಕಾರು ತಗೊಂಡೇ ಬನ್ನಿ, ಅಮ್ಮ ನೋಡ್ಬೇಕಂತೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು
(ಹೆಸರು, ವಿಳಾಸ ಪತ್ರಿಕೆಗೆ ಬೇರೆಯಾಗಿ ಕಳಿಸಿದೀನಿ)